ಒಂದು ಮೂಲಪ್ರತಿ, ಹಲವು ಇ-ಪುಸ್ತಕಗಳು

ಪುಸ್ತಕವೆಂದರೆ ಕಾಗದದ ಹಾಳೆಗಳ ಮೇಲೆ ಅಚ್ಚಾಗಿ, ದಾರದಿಂದ ಹೊಲಿಯಲ್ಪಟ್ಟು, ರಟ್ಟಿನ ಹೊದಿಕೆಯೊಳಗೆ ಸೇರಿದ ವಸ್ತುವೆಂದು ನಮ್ಮ ಹಿರಿಯರು ತಿಳಿದಿದ್ದರು. ಈಗಿನ ಕಾಲದಲ್ಲಿಯಾದರೋ ಒಂದೇ ಪುಸ್ತಕವು ಒಬ್ಬಳ ಅಂಗೈಯ ಮೊಬೈಲಿನಲ್ಲಿಯೂ, ಇನ್ನೊಬ್ಬಳ ಇ-ಪುಸ್ತಕ ಓದುವ ಯಂತ್ರದಲ್ಲಿಯೂ, ಮತ್ತೊಬ್ಬಳ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿಯೂ ತೆರೆಯುತ್ತದೆ. ದೃಷ್ಟಿಯಿಲ್ಲದವಳಿಗೆ ಅದೇ ಪುಸ್ತಕವು ಧ್ವನಿಯಾಗಿ ಕಿವಿಗೆ ಮುಟ್ಟುತ್ತದೆ. ಇಷ್ಟು ವಿಧವಾದ ಯಂತ್ರಗಳಿಗೆ ಬೇರೆ ಬೇರೆಯಾಗಿ ಪುಸ್ತಕವನ್ನು ಸಿದ್ಧಪಡಿಸಬೇಕಾದರೆ ಆ ಕೆಲಸಕ್ಕೆ ಕೊನೆಯೇ ಇರಲಾರದು. ಆದಕಾರಣ ಒಂದೇ ಮೂಲಪ್ರತಿಯನ್ನು ಶುದ್ಧವಾಗಿ ಬರೆದು, ಅದರಿಂದಲೇ ಎಲ್ಲಾ ರೂಪಗಳನ್ನು ಹೊರಡಿಸುವ ಪದ್ಧತಿಯು ಬಳಕೆಗೆ ಬಂದಿದೆ.

ಆ ಮೂಲಪ್ರತಿಯನ್ನು ಎಚ್‌ಟಿಎಮ್‌ಎಲ್ ಎಂಬ ಗುರುತುಭಾಷೆಯಲ್ಲಿ ಹೇಗೆ ಬರೆಯತಕ್ಕದ್ದೆಂಬದನ್ನು ನಮ್ಮ ವಿದ್ಯಾರ್ಥಿನಿಯರಿಗೂ, ಶಾಲೆಯನ್ನು ಬಿಟ್ಟು ಹೋದ ಹಳೆಯ ವಿದ್ಯಾರ್ಥಿನಿಯರಿಗೂ ತಿಳಿಯುವ ಹಾಗೆ ವಿವರಿಸುವುದೇ ಈ ಲೇಖನದ ಉದ್ದೇಶವಾಗಿದೆ. ಪಾಠದ ಸಾರವನ್ನು ಮೊದಲಲ್ಲಿಯೇ ಹೇಳಿಬಿಡುವೆವು: ಬರಹದ ಪ್ರತಿಯೊಂದು ಭಾಗವು ಏನಾಗಿದೆ ಎಂಬದನ್ನು ಗುರುತಿಸಬೇಕು, ಅದು ಹೇಗೆ ಕಾಣಬೇಕೆಂಬದನ್ನು ಬೇರೆಯಾಗಿ ಇಡಬೇಕು. ಮುಂದೆ ಬರುವ ನಿಯಮಗಳೆಲ್ಲಾ ಈ ಒಂದು ಮಾತಿನ ವಿಸ್ತಾರವೇ ಸರಿ.

೧. ನಿಂತ ಪುಟವೂ ಹರಿಯುವ ಪುಟವೂ

ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನಿಗೆ ಕಾಗದದ ಅಳತೆಯು ಮೊದಲೇ ಗೊತ್ತಿರುತ್ತದೆ. ಒಂದು ಸಾಲಿನಲ್ಲಿ ಎಷ್ಟು ಅಕ್ಷರಗಳು ಹಿಡಿಯುವವು, ಚಿತ್ರವು ಎಲ್ಲಿ ಕೂಡ್ರಬೇಕು, ಅಡಿಟಿಪ್ಪಣಿಗೆ ಎಷ್ಟು ಸ್ಥಳವನ್ನು ಬಿಡಬೇಕು ಎಂಬಿವುಗಳನ್ನು ಅವನು ಒಮ್ಮೆ ನಿರ್ಣಯಿಸಿದನೆಂದರೆ ಆ ಪುಟವು ಹಾಗೆಯೇ ನಿಲ್ಲುತ್ತದೆ. ೧೯೯೩ರಲ್ಲಿ ಹೊರಬಿದ್ದ ಪಿಡಿಎಫ್ ಎಂಬ ರೂಪವು ಇಂಥ ನಿಂತ ಪುಟದ ಪ್ರತಿಬಿಂಬವಾಗಿದೆ. ಕಾಗದದ ಮೇಲೆ ಅಚ್ಚು ಹಾಕುವುದಕ್ಕೆ ಅದು ಬಹಳ ಅನುಕೂಲವಾದದ್ದು. ಆದರೆ ದೊಡ್ಡ ಪುಟವೊಂದನ್ನು ಮೊಬೈಲಿನ ಚಿಕ್ಕ ಪರದೆಯಲ್ಲಿ ತೆರೆದರೆ, ಓದುವವಳು ಪ್ರತಿಯೊಂದು ಸಾಲಿಗೂ ಪುಟವನ್ನು ಎಡಕ್ಕೂ ಬಲಕ್ಕೂ ಎಳೆಯಬೇಕಾಗುತ್ತದೆ.

ಇ-ಪುಸ್ತಕದ ಪುಟವು ಹಾಗಲ್ಲ. ಅದು ನೀರಿನಂತೆ ಪಾತ್ರೆಯ ಆಕಾರವನ್ನು ತಾಳುತ್ತದೆ. ಅಜ್ಜಿಯು ಅಕ್ಷರವನ್ನು ದೊಡ್ಡದು ಮಾಡಿಕೊಂಡರೆ ಸಾಲುಗಳು ತಾವಾಗಿಯೇ ಮುರಿದು ಹೊಸದಾಗಿ ಜೋಡಿಸಿಕೊಳ್ಳುತ್ತವೆ. ಮೊಮ್ಮಗಳು ಅದನ್ನೇ ಚಿಕ್ಕದು ಮಾಡಿದರೆ ಪುಟಗಳ ಸಂಖ್ಯೆಯು ಕಡಿಮೆಯಾಗುತ್ತದೆ. ಹೀಗಿರಲಾಗಿ, ಪುಸ್ತಕವನ್ನು ಸಿದ್ಧಪಡಿಸುವವಳು ಪುಟದ ಒಡತಿಯಲ್ಲ. ಪುಟವು ಓದುವವಳ ಕೈಯಲ್ಲಿರುವುದು. ಈ ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳದೆ, ತನ್ನ ಪರದೆಯಲ್ಲಿ ಅಂದವಾಗಿ ಕಂಡದ್ದು ಎಲ್ಲರ ಪರದೆಯಲ್ಲಿಯೂ ಹಾಗೆಯೇ ಕಾಣುವುದೆಂದು ನಂಬುವುದೇ ಈ ಕೆಲಸದಲ್ಲಿ ಸಂಭವಿಸುವ ಹೆಚ್ಚಿನ ದೋಷಗಳಿಗೆ ಮೂಲವಾಗಿದೆ.

೨. ಗುರುತುಭಾಷೆಯು ಹುಟ್ಟಿದ ಬಗೆ

ಅಮೇರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಹಾರ್ಟ್ ಎಂಬವರು ೧೯೭೧ರ ಜುಲೈ ೪ರಂದು ತಮ್ಮ ದೇಶದ ಸ್ವಾತಂತ್ರ್ಯ ಘೋಷಣಾಪತ್ರವನ್ನು ಕಂಪ್ಯೂಟರಿಗೆ ಬೆರಳಚ್ಚು ಮಾಡಿ ಇತರರಿಗೆ ದೊರೆಯುವಂತೆ ಮಾಡಿದರು. ಗುಟೆನ್‌ಬರ್ಗ್ ಯೋಜನೆಯು ಹುಟ್ಟಿದ್ದು ಹೀಗೆ. ಅವರು ಬಹುಕಾಲದ ತನಕ ಯಾವ ಅಲಂಕಾರವೂ ಇಲ್ಲದ ಸಾದಾ ಬರಹವನ್ನೇ ಆರಿಸಿಕೊಂಡಿದ್ದರು. ಯಾಕಂದರೆ ಸಾದಾ ಬರಹವನ್ನು ತೆರೆಯಲಾರದ ಯಂತ್ರವಿಲ್ಲ. ಈ ಆಯ್ಕೆಯು ವಿವೇಕದ್ದೇ ಆಗಿತ್ತು. ಆದರೆ ಅದರಲ್ಲಿ ಒಂದು ಕೊರತೆಯೂ ಇತ್ತು. ಓರೆಯಕ್ಷರದಲ್ಲಿದ್ದ ಮಾತಿನ ಎರಡು ಬದಿಗಳಲ್ಲಿಯೂ ಅಡಿಗೆರೆಯ ಚಿಹ್ನೆಯನ್ನು ಹಾಕಬೇಕಾಗುತ್ತಿತ್ತು. ಅಧ್ಯಾಯದ ಹೆಸರು ಯಾವುದು, ಪದ್ಯದ ಸಾಲು ಯಾವುದು ಎಂಬದನ್ನು ಮನುಷ್ಯರು ನೋಡಿ ಊಹಿಸಬಲ್ಲರು. ಯಂತ್ರವು ಅದನ್ನು ನಿಶ್ಚಯವಾಗಿ ತಿಳಿಯಲಾರದು.

ಯಂತ್ರಕ್ಕೆ ಇದನ್ನು ತಿಳಿಸುವ ಉಪಾಯವನ್ನು ಬೇರೆ ಕಡೆಯಲ್ಲಿ ಅದಕ್ಕೂ ಮುಂಚೆಯೇ ಹುಡುಕಲಾಗುತ್ತಿತ್ತು. ಐಬಿಎಮ್ ಸಂಸ್ಥೆಯಲ್ಲಿ ೧೯೬೯ರಲ್ಲಿ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್, ರೇಮಂಡ್ ಲೋರಿ ಎಂಬ ಮೂವರು, ಬರಹದ ಭಾಗಗಳಿಗೆ ಅವುಗಳ ಸ್ವರೂಪವನ್ನು ತಿಳಿಸುವ ಗುರುತುಗಳನ್ನು ಹಾಕುವ ಪದ್ಧತಿಯೊಂದನ್ನು ರಚಿಸಿದರು. ಅದು ಬೆಳೆದು ಎಸ್‌ಜಿಎಮ್‌ಎಲ್ ಎಂಬ ಹೆಸರಿನಿಂದ ೧೯೮೬ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಜಿನೀವಾದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಎಂಬವರು ೧೯೮೯ರಲ್ಲಿ ಜಾಲದ ಯೋಜನೆಯನ್ನು ಮುಂದಿಟ್ಟು, ೧೯೯೧ರಲ್ಲಿ ಅದನ್ನು ಲೋಕಕ್ಕೆ ತೆರೆದಾಗ, ಅದರ ಪುಟಗಳಿಗಾಗಿ ಎಸ್‌ಜಿಎಮ್‌ಎಲ್ಲನ್ನು ಅನುಸರಿಸಿ ರಚಿಸಿದ ಸರಳ ಭಾಷೆಯೇ ಎಚ್‌ಟಿಎಮ್‌ಎಲ್.

ಈ ಭಾಷೆಯಲ್ಲಿ ಗುರುತುಗಳನ್ನು ಕೋನಾಕಾರದ ಎರಡು ಆವರಣಗಳ ನಡುವೆ ಬರೆಯುತ್ತಾರೆ. ಭಾಗದ ಮೊದಲಲ್ಲಿ ಒಂದು ಗುರುತು, ಕಡೆಯಲ್ಲಿ ಓರೆಗೆರೆಯನ್ನು ಸೇರಿಸಿ ಅದೇ ಗುರುತು. ಪ್ರಧಾನ ಶೀರ್ಷಿಕೆಗೆ ಎಚ್-೧, ಅದರ ಕೆಳಗಿನದಕ್ಕೆ ಎಚ್-೨, ಹೀಗೆ ಎಚ್-೬ರ ವರೆಗೆ, ವಾಕ್ಯವೃಂದಕ್ಕೆ ಪಿ, ಒತ್ತಿ ಹೇಳುವ ಮಾತಿಗೆ ಇಎಮ್. ಕೆಲವು ವರ್ಷಗಳ ತರುವಾಯ ಜನರು ಪುಟವನ್ನು ಅಲಂಕರಿಸುವ ಆಶೆಯಿಂದ ಬಣ್ಣವನ್ನೂ ಅಕ್ಷರದ ಗಾತ್ರವನ್ನೂ ಬರಹದೊಳಗೇ ತುಂಬತೊಡಗಿದರು. ಇವೆರಡನ್ನೂ ಬೇರ್ಪಡಿಸುವುದಕ್ಕಾಗಿ ನಾರ್ವೆ ದೇಶದ ಹೋಕೊನ್ ವಿಯುಮ್ ಲೀ ಎಂಬವರು ೧೯೯೪ರಲ್ಲಿ ಶೈಲಿಪತ್ರದ ಸೂಚನೆಯನ್ನು ಮಾಡಿದರು. ಅದರ ಮೊದಲನೆಯ ಮಾನಕವು ಸಿಎಸ್‌ಎಸ್ ಎಂಬ ಹೆಸರಿನಿಂದ ೧೯೯೬ರ ಡಿಸೆಂಬರಿನಲ್ಲಿ ಹೊರಟಿತು. ಅಂದಿನಿಂದ ಬರಹವು ಒಂದು ಕಡತದಲ್ಲಿಯೂ, ಅದರ ಉಡುಪು ಇನ್ನೊಂದು ಕಡತದಲ್ಲಿಯೂ ಇರುವುದು ಸಾಧ್ಯವಾಯಿತು.

೩. ರೂಪಗಳು ಬರುವವು, ಹೋಗುವವು

ಇ-ಪುಸ್ತಕದ ರೂಪಗಳು ಎಷ್ಟು ಬೇಗನೆ ಹುಟ್ಟಿ ಎಷ್ಟು ಬೇಗನೆ ಅಳಿಯುತ್ತವೆಂಬದನ್ನು ಸ್ವಲ್ಪ ನೋಡೋಣ. ಮೈಕ್ರೋಸಾಫ್ಟ್ ರೀಡರ್ ಎಂಬ ಓದುವ ತಂತ್ರಾಂಶವು ೨೦೦೦ದಲ್ಲಿ ಹೊರಟು ೨೦೧೨ರಲ್ಲಿ ನಿಂತುಹೋಯಿತು. ಫ್ರಾನ್ಸಿನಲ್ಲಿ ೨೦೦೦ದಲ್ಲಿ ಸ್ಥಾಪಿತವಾದ ಮೋಬಿಪಾಕೆಟ್ ಎಂಬ ಸಂಸ್ಥೆಯನ್ನು ಅಮೆಜಾನ್ ೨೦೦೫ರಲ್ಲಿ ಕೊಂಡುಕೊಂಡಿತು; ೨೦೦೭ರಲ್ಲಿ ಬಂದ ಕಿಂಡಲ್ ಯಂತ್ರಕ್ಕೆ ಆ ಸಂಸ್ಥೆಯ ಮೋಬಿ ರೂಪವೇ ಆಧಾರವಾಯಿತು. ೨೦೧೧ರಲ್ಲಿ ಅದೇ ಯಂತ್ರಕ್ಕೆ ಹೊಸ ರೂಪವು ಬಂತು. ೨೦೨೨ರಲ್ಲಿ ಅಮೆಜಾನ್, ಓದುಗರು ತಮ್ಮ ಕಿಂಡಲ್‌ಗೆ ಕಳುಹಿಸಿಕೊಳ್ಳುವ ಇಪಬ್ ಕಡತಗಳನ್ನು ಸ್ವೀಕರಿಸಲಾರಂಭಿಸಿ, ಹಳೆಯ ಮೋಬಿಯನ್ನು ಕ್ರಮೇಣ ಕೈಬಿಟ್ಟಿತು.

ಈ ಇಪಬ್ ಎಂಬದು ಯಾವುದೊಂದು ವ್ಯಾಪಾರಿಯ ಸೊತ್ತಲ್ಲದೆ ಎಲ್ಲರಿಗೂ ತೆರೆದಿರುವ ಮಾನಕವಾಗಿದೆ. ೧೯೯೯ರ ಒಂದು ಹಿಂದಿನ ಮಾನಕದಿಂದ ಬೆಳೆದು, ೨೦೦೭ರಲ್ಲಿ ಇಪಬ್ ಎಂಬ ಹೆಸರನ್ನು ಪಡೆದು, ೨೦೧೧ರಲ್ಲಿ ಮೂರನೆಯ ಆವೃತ್ತಿಯನ್ನು ಮುಟ್ಟಿತು. ಅದರ ೩.೩ನೆಯ ಆವೃತ್ತಿಯನ್ನು ೨೦೨೩ರ ಮೇ ತಿಂಗಳಲ್ಲಿ ಜಾಲದ ಮಾನಕಗಳನ್ನು ನಿರ್ಣಯಿಸುವ ಡಬ್ಲ್ಯು೩ಸಿ ಸಂಸ್ಥೆಯು ಅಂಗೀಕರಿಸಿತು. ಇಪಬ್ ಕಡತವನ್ನು ಬಿಚ್ಚಿ ನೋಡಿದರೆ ಅದು ಕಟ್ಟಿದ ಒಂದು ಗಂಟೆಂಬದು ತಿಳಿಯುತ್ತದೆ. ಅದರೊಳಗೆ ಅಧ್ಯಾಯಗಳ ಕಡತಗಳು, ಶೈಲಿಪತ್ರ, ಚಿತ್ರಗಳು, ಗಂಟಿನಲ್ಲಿ ಏನೇನಿದೆ ಎಂಬ ಪಟ್ಟಿ, ಯಾವುದನ್ನು ಯಾವುದರ ತರುವಾಯ ಓದಬೇಕೆಂಬ ಕ್ರಮ, ವಿಷಯಾನುಕ್ರಮಣಿಕೆ, ಇಷ್ಟು ಇರುತ್ತವೆ. ಆ ಅಧ್ಯಾಯಗಳೋ ಎಚ್‌ಟಿಎಮ್‌ಎಲ್‌ನ ಕಟ್ಟುನಿಟ್ಟಾದ ಬಗೆಯಲ್ಲಿ ಬರೆಯಲ್ಪಟ್ಟವುಗಳೇ. ಮೋಬಿಯ ಒಳಗಿದ್ದದ್ದೂ ಅದೇ ಜಾತಿಯ ಬರಹವಾಗಿತ್ತು.

ಇದರಿಂದ ನಾವು ಕಲಿಯತಕ್ಕದ್ದೇನು? ರೂಪವು ಪಾತ್ರೆ, ಬರಹವು ಧಾನ್ಯ. ಪಾತ್ರೆಯು ಒಡೆದರೂ ಧಾನ್ಯವು ಶುದ್ಧವಾಗಿದ್ದರೆ ಬೇರೊಂದರಲ್ಲಿ ತುಂಬಿಕೊಳ್ಳಬಹುದು. ಗುಟೆನ್‌ಬರ್ಗ್ ಯೋಜನೆಯವರು ಈಗ ಎಪ್ಪತ್ತು ಸಾವಿರಕ್ಕೂ ಹೆಚ್ಚು ಪುಸ್ತಕಗಳನ್ನು ಧರ್ಮಾರ್ಥವಾಗಿ ಒದಗಿಸುತ್ತಿದ್ದಾರೆ. ಅವುಗಳಲ್ಲಿ ಬಹುಭಾಗವು, ೨೦೦೦ದಲ್ಲಿ ಚಾರ್ಲ್ಸ್ ಫ್ರಾಂಕ್ಸ್ ಎಂಬವರು ಆರಂಭಿಸಿದ ಕರಡು ತಿದ್ದುವ ಸ್ವಯಂಸೇವಕರ ಬಳಗದಿಂದ ಬಂದದ್ದು. ಅವರು ಒಂದು ಎಚ್‌ಟಿಎಮ್‌ಎಲ್ ಪ್ರತಿಯನ್ನು ಒಪ್ಪಿಸಿದರೆ, ಇಬುಕ್‌ಮೇಕರ್ ಎಂಬ ತಂತ್ರಾಂಶವು ಅದರಿಂದ ಇಪಬ್ಬನ್ನೂ ಕಿಂಡಲ್‌ನ ಪ್ರತಿಯನ್ನೂ ತಾನೇ ಹೊರಡಿಸುತ್ತದೆ. ಹೊಸ ರೂಪವು ಬಂದಾಗ ಅಷ್ಟು ಪುಸ್ತಕಗಳನ್ನು ಮತ್ತೆ ಕೈಯಿಂದ ಬರೆಯಬೇಕಾಗಿಲ್ಲ. ಮೂಲಪ್ರತಿಯು ಸರಿಯಾಗಿದ್ದರೆ ಸಾಕು.

೪. ಮೂಲಪ್ರತಿಯನ್ನು ಬರೆಯುವ ಕ್ರಮ

ಒಬ್ಬ ವಿದ್ಯಾರ್ಥಿನಿಯು ತನ್ನ ಅಜ್ಜಿಯ ಬಾಯಿಂದ ಕೇಳಿದ ಹನ್ನೆರಡು ಕಥೆಗಳನ್ನೂ ಕೆಲವು ಹಾಡುಗಳನ್ನೂ ಬರೆದುಕೊಂಡು, ಅವುಗಳನ್ನು ಇ-ಪುಸ್ತಕವಾಗಿ ಮಾಡಬೇಕೆಂದಿರುವಳೆಂದು ಊಹಿಸೋಣ. ಅವಳು ಗಮನಿಸತಕ್ಕ ನಿಯಮಗಳನ್ನು ಒಂದೊಂದಾಗಿ ಹೇಳುವೆವು.

ಮೊದಲನೆಯದು ಶೀರ್ಷಿಕೆಗಳು. ಪುಸ್ತಕದ ಹೆಸರಿಗೆ ಎಚ್-೧, ಪ್ರತಿಯೊಂದು ಕಥೆಯ ಹೆಸರಿಗೆ ಎಚ್-೨, ಕಥೆಯೊಳಗಿನ ಉಪಭಾಗಕ್ಕೆ ಎಚ್-೩ ಎಂದು ಮೆಟ್ಟಲು ತಪ್ಪದೆ ಹಾಕಬೇಕು. ಕಥೆಯ ಹೆಸರನ್ನು ವಾಕ್ಯವೃಂದವಾಗಿ ಬರೆದು ದಪ್ಪ ಅಕ್ಷರ ಮಾಡಿದರೆ ಕಣ್ಣಿಗೆ ಶೀರ್ಷಿಕೆಯಂತೆಯೇ ಕಾಣಬಹುದು. ಆದರೆ ಪರಿವರ್ತಿಸುವ ತಂತ್ರಾಂಶವು ಅನುಕ್ರಮಣಿಕೆಯನ್ನು ಕಟ್ಟುವುದು ಶೀರ್ಷಿಕೆಯ ಗುರುತುಗಳಿಂದಲೇ. ಗುರುತಿಲ್ಲದ ಕಥೆಯು ಅನುಕ್ರಮಣಿಕೆಯಲ್ಲಿ ಇಲ್ಲದೆ ಹೋಗುವುದು. ಹೊಸ ಪುಟದಲ್ಲಿಯೂ ಆರಂಭವಾಗದು.

ಎರಡನೆಯದು ವಾಕ್ಯವೃಂದಗಳು. ಮೊದಲ ಸಾಲನ್ನು ಒಳಕ್ಕೆ ಸರಿಸುವುದಕ್ಕಾಗಿ ಖಾಲಿ ಸ್ಥಳಗಳನ್ನು ಒತ್ತುವುದೂ, ಅಂತರಕ್ಕಾಗಿ ಬರಿದಾದ ವಾಕ್ಯವೃಂದಗಳನ್ನು ಸೇರಿಸುವುದೂ ಸಲ್ಲದು. ಆ ಕೆಲಸವು ಶೈಲಿಪತ್ರಕ್ಕೆ ಸೇರಿದ್ದು. ಶೈಲಿಪತ್ರದಲ್ಲಿಯೂ ಅಳತೆಗಳನ್ನು ಪರದೆಯ ಚುಕ್ಕೆಗಳ ಲೆಕ್ಕದಲ್ಲಿ ಕೊಡದೆ, ಅಕ್ಷರದ ಗಾತ್ರಕ್ಕೆ ಅನುಗುಣವಾದ ಎಮ್ ಎಂಬ ಮಾನದಲ್ಲಿಯಾಗಲಿ ನೂರರಲ್ಲಿ ಇಷ್ಟು ಎಂಬ ಲೆಕ್ಕದಲ್ಲಿಯಾಗಲಿ ಕೊಡಬೇಕು. ಆಗ ಅಕ್ಷರವು ದೊಡ್ಡದಾದರೆ ಅಂತರವೂ ಅದರೊಂದಿಗೆ ಬೆಳೆಯುವುದು.

ಮೂರನೆಯದು ಪದ್ಯ. ಹಾಡಿನ ಒಂದೊಂದು ನುಡಿಯನ್ನು ಒಂದು ಗುಂಪಾಗಿಯೂ, ಅದರೊಳಗೆ ಒಂದೊಂದು ಸಾಲನ್ನು ಬೇರೆಯಾಗಿಯೂ ಗುರುತಿಸಬೇಕು. ಚಿಕ್ಕ ಪರದೆಯಲ್ಲಿ ಉದ್ದವಾದ ಸಾಲು ಮುರಿಯಲೇಬೇಕು. ಆಗ ಮುರಿದ ತುಂಡು ಮಾತ್ರ ಒಳಕ್ಕೆ ಸರಿಯುವಂತೆ ಶೈಲಿಪತ್ರದಲ್ಲಿ ಹೇಳಿದ್ದರೆ, ಎಲ್ಲಿ ಸಾಲು ಮುಗಿಯಿತು, ಎಲ್ಲಿ ಪರದೆ ಮುಗಿಯಿತು ಎಂಬ ಭೇದವು ಓದುವವಳಿಗೆ ತಿಳಿಯುವುದು. ಇಲ್ಲವಾದರೆ ಪದ್ಯವು ಗದ್ಯದಂತೆ ಕಲಸಿಹೋಗುವುದು.

ನಾಲ್ಕನೆಯದು ಪುಟಸಂಖ್ಯೆ. ಹಳೆಯ ಪುಸ್ತಕವೊಂದನ್ನು ನೋಡಿ ಬರೆಯುವವರು ಮೂಲದ ಪುಟಸಂಖ್ಯೆಗಳನ್ನು ಅಂಚಿನಲ್ಲಿ ಕಾಣಿಸಬೇಕೆಂದು ಬಯಸುವುದುಂಟು. ಕಂಪ್ಯೂಟರಿನ ಅಗಲವಾದ ಪರದೆಯಲ್ಲಿ ಅದು ಚೆನ್ನಾಗಿಯೇ ಇರುತ್ತದೆ. ಆದರೆ ಅಂಚೆಂಬದೇ ಇಲ್ಲದ ಚಿಕ್ಕ ಯಂತ್ರದಲ್ಲಿ ಆ ಸಂಖ್ಯೆಯು ವಾಕ್ಯದ ನಡುವೆ ಬಿದ್ದು, “ಅವಳು ಬಾವಿಯಿಂದ ೪೭ ನೀರನ್ನು ಸೇದಿದಳು” ಎಂಬಂಥ ವಿಪರೀತಕ್ಕೆ ಕಾರಣವಾಗುತ್ತದೆ. ಆದುದರಿಂದ ಇ-ಪುಸ್ತಕವಾಗಿ ಪರಿವರ್ತಿಸುವಾಗ ಅವುಗಳು ಮರೆಯಾಗುವಂತೆ ಶೈಲಿಪತ್ರದಲ್ಲಿ ಬೇರೆ ನಿಯಮವನ್ನು ಇಡುವುದು ಗುಟೆನ್‌ಬರ್ಗ್ ಯೋಜನೆಯ ಪುಸ್ತಕಗಳನ್ನು ಸಿದ್ಧಪಡಿಸುವವರ ರೂಢಿಯಾಗಿದೆ.

ಐದನೆಯದು ಅಡಿಟಿಪ್ಪಣಿ. ಹರಿಯುವ ಪುಟಕ್ಕೆ ಅಡಿಯೆಂಬದು ಇಲ್ಲ. ಟಿಪ್ಪಣಿಗಳನ್ನು ಕಥೆಯ ಕೊನೆಯಲ್ಲಿ ಸೇರಿಸಿ, ಮಾತಿನಿಂದ ಟಿಪ್ಪಣಿಗೂ ಟಿಪ್ಪಣಿಯಿಂದ ಮಾತಿಗೂ ಕೊಂಡಿಯನ್ನು ಹಾಕಬೇಕು. ಹೋದವಳಿಗೆ ಹಿಂದಿರುಗುವ ದಾರಿಯಿರಬೇಕಷ್ಟೆ! ಪ್ರತಿಯೊಂದು ಕೊಂಡಿಯ ಹೆಸರೂ ಕಡತದಲ್ಲಿ ಒಂದೇ ಸಾರಿ ಬಂದಿರತಕ್ಕದ್ದು. ಒಂದೇ ಹೆಸರು ಎರಡು ಕಡೆ ಬಂದರೆ ಓದುವವಳು ಬೇರೆ ಟಿಪ್ಪಣಿಗೆ ಹೋಗಿ ಮುಟ್ಟುವಳು.

ಆರನೆಯದು ಚಿತ್ರಗಳೂ ಕೋಷ್ಟಕಗಳೂ. ಚಿತ್ರದ ಅಗಲವು ಪರದೆಯ ಅಗಲವನ್ನು ಮೀರದಂತೆ ಹೇಳಬೇಕು. ಚಿತ್ರದಲ್ಲಿ ಏನಿದೆ ಎಂಬದನ್ನು ಆಲ್ಟ್ ಎಂಬ ಸ್ಥಳದಲ್ಲಿ ಮಾತಿನಿಂದ ಬರೆಯಬೇಕು. “ಚಿತ್ರ ೩” ಎಂದು ಬರೆದರೆ ಏನೂ ಬರೆಯದಂತೆಯೇ. “ಬೀಸುವ ಕಲ್ಲಿನ ಮುಂದೆ ಕೂತು ಹಾಡುತ್ತಿರುವ ಇಬ್ಬರು ಹೆಂಗಸರು” ಎಂದು ಬರೆದರೆ ಅದನ್ನು ಕಾಣಲಾರದವಳೂ ಕಾಣುವಳು. ಕೋಷ್ಟಕದ ಗುರುತನ್ನು ನಿಜವಾದ ಕೋಷ್ಟಕಕ್ಕೆ ಮಾತ್ರ ಉಪಯೋಗಿಸಬೇಕು. ಪುಟವನ್ನು ಅಂದವಾಗಿ ಹಂಚುವುದಕ್ಕೆ ಉಪಯೋಗಿಸಕೂಡದು.

ಏಳನೆಯದು ಕಟ್ಟುನಿಟ್ಟು. ಜಾಲಪುಟಗಳನ್ನು ತೋರಿಸುವ ತಂತ್ರಾಂಶವು ಮುಚ್ಚದೆ ಬಿಟ್ಟ ಗುರುತನ್ನು ತಾನೇ ಊಹಿಸಿ ಸರಿಪಡಿಸಿಕೊಳ್ಳುತ್ತದೆ. ಇಪಬ್‌ನಲ್ಲಿ ಆ ಕ್ಷಮೆಯು ಇಲ್ಲ. ತೆರೆದ ಪ್ರತಿಯೊಂದು ಗುರುತನ್ನೂ ಮುಚ್ಚಬೇಕು. ಒಳಗಿನದನ್ನು ಮುಚ್ಚಿದ ಮೇಲೆಯೇ ಹೊರಗಿನದನ್ನು ಮುಚ್ಚಬೇಕು. ಇಂಗ್ಲಿಷಿನಲ್ಲಿ “ಮತ್ತು” ಎಂಬುದಕ್ಕೆ ಹಾಕುವ ಆಂಪರ್ಸೆಂಡ್ ಚಿಹ್ನೆಯನ್ನು ಹಾಗೆಯೇ ಹಾಕದೆ ಅದಕ್ಕೆ ಗೊತ್ತುಮಾಡಿದ ಸಂಕೇತದಿಂದ ಬರೆಯಬೇಕು. ಇಂಥ ಒಂದೇ ಚಿಹ್ನೆಯ ದೆಸೆಯಿಂದ ಒಂದು ಇಡೀ ಅಧ್ಯಾಯವು ತೆರೆಯದೆ ಹೋಗಬಹುದು.

೫. ಕನ್ನಡ ಬರಹಕ್ಕೆ ವಿಶೇಷವಾದ ಎಚ್ಚರಿಕೆಗಳು

ಮೇಲೆ ಹೇಳಿದ ನಿಯಮಗಳು ಎಲ್ಲಾ ಭಾಷೆಗಳಿಗೂ ಸಮಾನವಾದವು. ಹೆಚ್ಚಾಗಿ ಇಂಗ್ಲಿಷಿನವರೇ ಬರೆದಿಟ್ಟ ಮಾದರಿಗಳನ್ನು ನಾವು ಕಣ್ಣುಮುಚ್ಚಿ ಅನುಸರಿಸಿದರೆ ನಮ್ಮ ಲಿಪಿಗೆ ಕೆಲವು ಹಾನಿಗಳು ಉಂಟಾಗುತ್ತವೆ.

ಬರಹವು ಯೂನಿಕೋಡ್‌ನಲ್ಲಿರುವುದೇ ಮೊದಲನೆಯ ಅವಶ್ಯಕತೆ. ಯೂನಿಕೋಡ್‌ನ ಮೊದಲ ಆವೃತ್ತಿಯು ೧೯೯೧ರಲ್ಲಿ ಹೊರಟಾಗಲೇ ಕನ್ನಡಕ್ಕೆ ಅದರಲ್ಲಿ ಸ್ಥಾನವು ದೊರೆತಿತ್ತು. ನಮ್ಮ ಲಿಪಿಗಾಗಿ ೧೨೮ ಮನೆಗಳು ಮೀಸಲಾಗಿವೆ. ಆದರೂ ಬಹಳ ವರ್ಷಗಳ ತನಕ ಬೇರೊಂದು ಪದ್ಧತಿಯು ನಡೆದುಬಂತು. ರೋಮನ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಹೊದಿಸಿದ ಅಕ್ಷರಮಾದರಿಗಳಿಂದ ಅನೇಕ ಪುಸ್ತಕಗಳು ಅಚ್ಚಾದವು. ಅಂಥ ಕಡತವನ್ನು ಆ ಅಕ್ಷರಮಾದರಿಯಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯು ಮಾತ್ರ ಕಾಣುತ್ತದೆ. ಆಕಾರವಷ್ಟೇ ಕನ್ನಡವಾಗಿದ್ದು ಒಳಗಿನ ಬರಹವು ಕನ್ನಡವಲ್ಲದ್ದರಿಂದ ಹೀಗಾಗುತ್ತದೆ. ಅದನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಅಕ್ಷರ ಅಕ್ಷರವಾಗಿ ಕರಡು ತಿದ್ದಿದ ತರುವಾಯವೇ ಗುರುತುಗಳನ್ನು ಹಾಕಬೇಕು.

ಇನ್ನು “ಸ್ತ್ರೀ” ಎಂಬ ಶಬ್ದವನ್ನು ನೋಡಿರಿ. ನಮಗೆ ಅದು ಒಂದೇ ಅಕ್ಷರ. ಯಂತ್ರದ ಲೆಕ್ಕದಲ್ಲಿ ಅದು ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರದ ಚಿಹ್ನೆ ಎಂಬ ಆರು ಸಂಕೇತಗಳ ಸಾಲು. ಇಂಗ್ಲಿಷ್ ಪುಸ್ತಕಗಳ ಮಾದರಿಯಲ್ಲಿ ಅಧ್ಯಾಯದ ಮೊದಲಕ್ಷರವನ್ನು ದೊಡ್ಡದು ಮಾಡಹೋಗಿ ಆರರಲ್ಲಿ ಒಂದನ್ನು ಮಾತ್ರ ಕತ್ತರಿಸಿದರೆ, ‘ಸ’ ಒಂದು ಕಡೆಗೂ ಉಳಿದದ್ದು ಇನ್ನೊಂದು ಕಡೆಗೂ ಬಿದ್ದು ಶಬ್ದವೇ ಮುರಿಯುವುದು. ಅಕ್ಷರಗಳ ನಡುವೆ ಅಂತರವನ್ನು ಹೆಚ್ಚಿಸುವ ಅಲಂಕಾರದಿಂದಲೂ ಕೆಲವು ಯಂತ್ರಗಳಲ್ಲಿ ಒತ್ತಕ್ಷರಗಳು ಚದರುತ್ತವೆ. ಇವೆರಡನ್ನೂ ಬಿಡುವುದೇ ಒಳ್ಳೆಯದು. ಕನ್ನಡದ ಒತ್ತುಗಳು ಸಾಲಿನ ಕೆಳಗೆ ಇಳಿಯುವದರಿಂದ ಸಾಲುಗಳ ನಡುವಿನ ಅಂತರವು ಧಾರಾಳವಾಗಿರಬೇಕು. ನಮ್ಮ ಶಬ್ದಗಳು ಸಮಾಸ ಸಂಧಿಗಳಿಂದ ಉದ್ದವಾಗುವದರಿಂದ, ಚಿಕ್ಕ ಪರದೆಯಲ್ಲಿ ಎರಡು ಅಂಚುಗಳನ್ನೂ ಸಮಮಾಡಿದರೆ ಶಬ್ದಗಳ ನಡುವೆ ದೊಡ್ಡ ಕಂದಕಗಳು ಬೀಳುತ್ತವೆ. ಎಡದ ಅಂಚನ್ನು ಮಾತ್ರ ಸಮಮಾಡಿದರೆ ಓದು ಸುಗಮವಾಗುವುದು.

ಕಣ್ಣಿಗೆ ಕಾಣದ ಒಂದು ಸಂಕೇತವೂ ಉಂಟು. “ಕಂಪ್ಯೂಟರ್‌ನಲ್ಲಿ” ಎಂದು ಬರೆಯುವಾಗ ‘ರ್’ ಎಂಬದಕ್ಕೂ ‘ನ’ ಎಂಬದಕ್ಕೂ ನಡುವೆ ಅವೆರಡು ಕೂಡಿಕೊಳ್ಳದಂತೆ ತಡೆಯುವ ಚಿಹ್ನೆಯೊಂದು ಅಡಗಿರುತ್ತದೆ. ಕಡತವನ್ನು ಶುದ್ಧಿಮಾಡುವೆವೆಂದು ಕಾಣದ ಚಿಹ್ನೆಗಳನ್ನೆಲ್ಲಾ ಅಳಿಸಿದರೆ ಅದು “ಕಂಪ್ಯೂಟರ್ನಲ್ಲಿ” ಎಂದಾಗುವುದು. ಆದುದರಿಂದ ಶುದ್ಧಿಕಾರ್ಯದಲ್ಲಿ ವಿವೇಚನೆಯು ಬೇಕು.

ಓರೆಯಕ್ಷರದ ಸಂಗತಿಯು ನಮ್ಮ ಪಾಠದ ಸಾರಕ್ಕೆ ಒಳ್ಳೆಯ ದೃಷ್ಟಾಂತವಾಗಿದೆ. ಒತ್ತಿ ಹೇಳುವ ಮಾತನ್ನು ಓರೆಯಾಗಿ ಅಚ್ಚು ಹಾಕುವುದು ರೋಮನ್ ಲಿಪಿಯವರ ಸಂಪ್ರದಾಯ. ದುಂಡಾದ ಕನ್ನಡ ಅಕ್ಷರವನ್ನು ಓರೆಮಾಡಿದರೆ ಅದು ಜೋಲಿಹೊಡೆದಂತೆ ಕಾಣುತ್ತದೆ. ಮೂಲಪ್ರತಿಯಲ್ಲಿ “ಇದು ಓರೆ” ಎಂದು ಗುರುತಿಸಿದ್ದರೆ ಅದನ್ನು ಎಲ್ಲೆಲ್ಲಿಯೂ ಹುಡುಕಿ ತಿದ್ದಬೇಕಾಗುವುದು. “ಇದು ಒತ್ತಿ ಹೇಳಿದ ಮಾತು” ಎಂದು ಗುರುತಿಸಿದ್ದರೆ, ಶೈಲಿಪತ್ರದ ಒಂದೇ ಸಾಲಿನಲ್ಲಿ ಅದನ್ನು ದಪ್ಪ ಅಕ್ಷರವಾಗಿ ಬದಲಾಯಿಸಬಹುದು. ಓದಿ ಹೇಳುವ ತಂತ್ರಾಂಶಕ್ಕೂ ಅದರ ಅರ್ಥವು ದೊರೆಯುವುದು.

ಕಡೆಯದಾಗಿ ಭಾಷೆಯ ಗುರುತು. ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟೆಲರ ನಿಘಂಟನ್ನು ತೆರೆದು ನೋಡಿದವರು, ಶಬ್ದವು ಕನ್ನಡದಲ್ಲಿಯೂ ಅರ್ಥವು ಇಂಗ್ಲಿಷಿನಲ್ಲಿಯೂ ಒಂದೇ ಸಾಲಿನಲ್ಲಿ ಸೇರಿರುವುದನ್ನು ಬಲ್ಲರು. ಕಣ್ಣಿಗೆ ಅಕ್ಷರವನ್ನು ನೋಡಿದ ಕೂಡಲೆ ಭಾಷೆಯು ತಿಳಿಯುತ್ತದೆ. ಓದಿ ಹೇಳುವ ತಂತ್ರಾಂಶಕ್ಕೆ ಅದನ್ನು ಹೇಳಿಕೊಡಬೇಕು. ಇಡೀ ಪುಸ್ತಕಕ್ಕೆ ಕನ್ನಡವೆಂದೂ, ನಡುವೆ ಬರುವ ಇಂಗ್ಲಿಷ್ ಮಾತಿಗೆ ಇಂಗ್ಲಿಷೆಂದೂ ಗುರುತು ಹಾಕಿದ್ದರೆ, ಅದು ಆಯಾ ಭಾಷೆಗೆ ತಕ್ಕ ಧ್ವನಿಯನ್ನು ಆರಿಸಿಕೊಳ್ಳಬಲ್ಲದು.

೬. ಪರಿವರ್ತನೆಯೂ ಪರೀಕ್ಷೆಯೂ

ಮೂಲಪ್ರತಿಯು ಸಿದ್ಧವಾದ ಮೇಲೆ ಪರಿವರ್ತನೆಯ ಕೆಲಸವು ಕೆಲವು ನಿಮಿಷಗಳದ್ದು. ಭಾರತೀಯರಾದ ಕೋವಿದ್ ಗೋಯಲ್ ಎಂಬವರು ೨೦೦೬ರಲ್ಲಿ ಆರಂಭಿಸಿದ ಕ್ಯಾಲಿಬರ್ ಎಂಬ ತಂತ್ರಾಂಶವೂ, ತತ್ತ್ವಶಾಸ್ತ್ರದ ಅಧ್ಯಾಪಕರಾದ ಜಾನ್ ಮ್ಯಾಕ್‌ಫಾರ್ಲೇನ್ ಅದೇ ವರ್ಷದಲ್ಲಿ ಹೊರಡಿಸಿದ ಪ್ಯಾನ್‌ಡಾಕ್ ಎಂಬದೂ ಈ ಕೆಲಸಕ್ಕೆ ಪ್ರಸಿದ್ಧವಾಗಿವೆ. ಎರಡೂ ಹಣವಿಲ್ಲದೆ ದೊರೆಯುತ್ತವೆ. ಕನ್ನಡ ವಿಕಿಸೋರ್ಸ್‌ನಲ್ಲಿರುವ ಪುಸ್ತಕಗಳನ್ನೂ ಇಪಬ್ಬಾಗಿಯೂ ಪಿಡಿಎಫ್ ಆಗಿಯೂ ಇಳಿಸಿಕೊಳ್ಳುವ ಏರ್ಪಾಡಿದೆ. ಅಲ್ಲಿ ಕರಡು ತಿದ್ದುವವರು ಶೀರ್ಷಿಕೆಗಳನ್ನು ಸರಿಯಾಗಿ ಗುರುತಿಸಿದಷ್ಟೂ ಇಳಿಸಿಕೊಂಡ ಪುಸ್ತಕವು ಚೆನ್ನಾಗಿರುತ್ತದೆ.

ಪರಿವರ್ತನೆಯಾದ ಕೂಡಲೆ ಕೆಲಸವು ಮುಗಿಯಿತೆಂದು ಎಣಿಸಕೂಡದು. ಇಪಬ್‌ಚೆಕ್ ಎಂಬ ಪರೀಕ್ಷಕ ತಂತ್ರಾಂಶಕ್ಕೆ ಕಡತವನ್ನು ಕೊಟ್ಟರೆ, ಮುಚ್ಚದ ಗುರುತು, ಇಲ್ಲದ ಚಿತ್ರ, ಮುರಿದ ಕೊಂಡಿ ಮೊದಲಾದ ದೋಷಗಳನ್ನು ಸಾಲಿನ ಸಂಖ್ಯೆಯೊಂದಿಗೆ ತೋರಿಸುತ್ತದೆ. ಆದರೆ ವ್ಯಾಕರಣವು ತಪ್ಪಿಲ್ಲದ ಮಾತೆಲ್ಲಾ ಸತ್ಯವಲ್ಲದ ಹಾಗೆ, ಪರೀಕ್ಷಕನು ಒಪ್ಪಿದ ಪುಸ್ತಕವೆಲ್ಲಾ ಓದಲು ಯೋಗ್ಯವೆಂದು ಹೇಳಲಾಗದು. ಆದುದರಿಂದ ಪುಸ್ತಕವನ್ನು ಮೊಬೈಲಿನಲ್ಲಿ ಒಮ್ಮೆಯೂ, ಕಂಪ್ಯೂಟರಿನಲ್ಲಿ ಒಮ್ಮೆಯೂ, ಅಕ್ಷರವನ್ನು ಅತಿ ದೊಡ್ಡದು ಮಾಡಿ ಒಮ್ಮೆಯೂ ತೆರೆದು ನೋಡಬೇಕು. ತರುವಾಯ ಕಣ್ಣನ್ನು ಮುಚ್ಚಿಕೊಂಡು, ಯಂತ್ರವು ಒಂದು ಅಧ್ಯಾಯವನ್ನು ಓದಿ ಹೇಳುವುದನ್ನು ಕೇಳಬೇಕು. ಕಥೆಯ ನಡುವೆ ಅಂದಕ್ಕಾಗಿ ಹಾಕಿದ ಮೂರು ನಕ್ಷತ್ರಗಳನ್ನು ಅದು “ನಕ್ಷತ್ರ, ನಕ್ಷತ್ರ, ನಕ್ಷತ್ರ” ಎಂದು ಓದುವುದನ್ನು ಕೇಳಿದವಳು, ಅಲ್ಲಿ ಪ್ರಸಂಗಭೇದದ ಗುರುತನ್ನು ಹಾಕುವುದನ್ನು ಮುಂದೆಂದೂ ಮರೆಯಲಾರಳು. ಕಂಡುಬಂದ ತಪ್ಪುಗಳನ್ನು ಪರಿವರ್ತಿತ ಪ್ರತಿಯಲ್ಲಿ ತಿದ್ದದೆ ಮೂಲಪ್ರತಿಯಲ್ಲಿಯೇ ತಿದ್ದಿ ಮತ್ತೆ ಪರಿವರ್ತಿಸಬೇಕು. ಹಾಗಲ್ಲದೆ ಹೋದರೆ ನಾಲ್ಕು ರೂಪಗಳಲ್ಲಿ ನಾಲ್ಕು ಬೇರೆ ಬೇರೆ ಪಾಠಗಳು ಹುಟ್ಟಿ, ಯಾವುದು ನಿಜವಾದದ್ದೆಂಬದೇ ತಿಳಿಯದೆ ಹೋಗುವುದು.

೭. ಈ ಶ್ರಮವು ಯಾ‌ರಿಗಾಗಿ?

ಇಷ್ಟು ಸೂಕ್ಷ್ಮವಾದ ಎಚ್ಚರಿಕೆಯು ಅವಶ್ಯವೋ ಎಂದು ಕೆಲವರು ಕೇಳಬಹುದು. ಕಣ್ಣಿದ್ದವರು ಗುರುತಿಲ್ಲದ ಶೀರ್ಷಿಕೆಯನ್ನೂ ಹೇಗೋ ಕಂಡುಕೊಳ್ಳುವರು. ಕಣ್ಣಿಲ್ಲದ ವಿದ್ಯಾರ್ಥಿನಿಯ ಸ್ಥಿತಿಯನ್ನು ಆಲೋಚಿಸಿರಿ. ಪರೀಕ್ಷೆಯ ಹಿಂದಿನ ದಿನ ಅವಳಿಗೆ ಏಳನೆಯ ಅಧ್ಯಾಯವು ಬೇಕಾಗಿದೆ. ಶೀರ್ಷಿಕೆಗಳಿಗೆ ಗುರುತು ಇದ್ದರೆ ಅವಳು ಒಂದೊಂದೇ ಕೀಲಿಯನ್ನು ಒತ್ತುತ್ತಾ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರಿ ಕ್ಷಣಮಾತ್ರದಲ್ಲಿ ಅಲ್ಲಿಗೆ ಮುಟ್ಟುವಳು. ಗುರುತಿಲ್ಲದಿದ್ದರೆ ಆರು ಅಧ್ಯಾಯಗಳ ಮಾತನ್ನೂ ದಾಟುತ್ತಾ ಹುಡುಕಬೇಕು. ಪುಟಗಳ ಚಿತ್ರಗಳನ್ನೇ ಜೋಡಿಸಿ ಮಾಡಿದ ಪುಸ್ತಕವಾಗಿದ್ದರಂತೂ ಯಂತ್ರಕ್ಕೆ ಓದಲು ಅಕ್ಷರವೇ ಇರದು. ಅವಳ ಪಾಲಿಗೆ ಅದು ಬರಿದಾದ ಪುಸ್ತಕ.

ದೃಷ್ಟಿಯಿಲ್ಲದವರಿಗೆ ಪುಸ್ತಕಗಳು ದೊರೆಯುವುದನ್ನು ಸುಲಭಪಡಿಸುವ ಮರಾಕೇಶ್ ಒಪ್ಪಂದವು ೨೦೧೩ರ ಜೂನ್ ತಿಂಗಳಲ್ಲಿ ಆಯಿತು. ಅದನ್ನು ಎಲ್ಲರಿಗಿಂತ ಮೊದಲು, ೨೦೧೪ರ ಜೂನ್ ತಿಂಗಳಲ್ಲಿ, ಸ್ಥಿರೀಕರಿಸಿದ ರಾಷ್ಟ್ರವು ನಮ್ಮ ಭಾರತ. ೨೦೧೬ರ ಸೆಪ್ಟೆಂಬರ್ ೩೦ರಂದು ಅದು ಜಾರಿಗೆ ಬಂತು. ಕಾನೂನು ಬಾಗಿಲನ್ನು ತೆರೆಯಬಲ್ಲದು. ಒಳಗೆ ನಡೆಯತಕ್ಕ ದಾರಿಯನ್ನು ಪುಸ್ತಕವನ್ನು ಸಿದ್ಧಪಡಿಸುವವರ ಕೈಗಳೇ ಮಾಡಬೇಕು. ಚೆನ್ನಾಗಿ ಗುರುತಿಸಿದ ಒಂದೇ ಮೂಲಪ್ರತಿಯಿಂದ ಕಣ್ಣಿಗೆ ಇಪಬ್ಬೂ, ಕಿವಿಗೆ ಧ್ವನಿಯೂ, ಬೆರಳಿಗೆ ಬ್ರೈಲ್ ಲಿಪಿಯೂ ಹೊರಡಬಲ್ಲವು.

ಹೊಲಿಗೆಯ ತರಗತಿಯಲ್ಲಿ ಬಟ್ಟೆಯ ಒಳಮಗ್ಗುಲನ್ನು ತಿರುಗಿಸಿ ನೋಡಿ ಗುಣವನ್ನು ನಿರ್ಣಯಿಸುವುದುಂಟು. ಇ-ಪುಸ್ತಕದ ಒಳಮಗ್ಗುಲೂ ಅಂಥದೇ. ಅಲ್ಲಿ ಹಾಕಿದ ಗುರುತುಗಳನ್ನು ಓದುಗರಲ್ಲಿ ಹೆಚ್ಚಿನವರು ಎಂದಿಗೂ ನೋಡಲಾರರು. ಆದರೆ ಪುಸ್ತಕವು ಎಷ್ಟು ಕಾಲ ಬಾಳುವುದು, ಎಷ್ಟು ಮಂದಿಯನ್ನು ಮುಟ್ಟುವುದು ಎಂಬದು ಅವುಗಳಿಂದಲೇ ನಿರ್ಣಯವಾಗುವುದು. ನಮ್ಮ ವಿದ್ಯಾರ್ಥಿನಿಯರಲ್ಲಿ ಕಥೆ, ಹಾಡು, ಅಡಿಗೆಯ ವಿಧಾನ ಮೊದಲಾದವುಗಳನ್ನು ಮನೆಯ ಹಿರಿಯರಿಂದ ಬರೆದುಕೊಂಡಿರುವವರು ಅನೇಕರಿದ್ದಾರೆ. ಈ ರಜದಲ್ಲಿ ಅವುಗಳಲ್ಲಿ ಒಂದನ್ನಾದರೂ ತೆಗೆದು, ಮೊದಲು ಶೀರ್ಷಿಕೆಗಳನ್ನು ಮಾತ್ರ ಗುರುತಿಸಿ, ಪರಿವರ್ತಿಸಿ, ಅನುಕ್ರಮಣಿಕೆಯು ತಾನಾಗಿ ಮೂಡಿಬರುವುದನ್ನು ನೋಡಲಿ. ಉಳಿದ ನಿಯಮಗಳನ್ನು ಕೈಯೇ ಕಲಿಸಿಕೊಡುವುದು.